ಹೊರೇಸ್ ಕೆಪ್‌ಹಾರ್ಟ್

ಹೊರೇಸ್ ಕೆಪ್‌ಹಾರ್ಟ್ (ಸೆಪ್ಟೆಂಬರ್ ೮, ೧೮೬೨ – ಏಪ್ರಿಲ್ ೨, ೧೯೩೧) ಅಮೆರಿಕ ಸಂಯುಕ್ತ ಸಂಸ್ಥಾನದ ಗ್ರಂಥಪಾಲಕರು, ಲೇಖಕರು ಹಾಗೂ ಅರಣ್ಯ ಸಂರಕ್ಷಣೆಗಾಗಿ ದುಡಿದವರು. ಕಾಡಿನಲ್ಲಿ ಬಿಡಾರ ಹೂಡಿ ಬದುಕುವ ವಿದ್ಯೆಯನ್ನು ಕುರಿತ ‘ಕ್ಯಾಂಪಿಂಗ್ ಅಂಡ್ ವುಡ್‌ಕ್ರಾಫ್ಟ್’ ಮತ್ತು ದಕ್ಷಿಣ ಅಪಲಾಚಿಯನ್ ಬೆಟ್ಟಗಳ ಜನಜೀವನವನ್ನು ಕುರಿತ ‘ಅವರ್ ಸದರ್ನ್ ಹೈಲ್ಯಾಂಡರ್ಸ್’ ಇವರ ಪ್ರಸಿದ್ಧ ಕೃತಿಗಳು. ಉತ್ತರ ಕೆರೊಲಿನಾ ಮತ್ತು ಟೆನೆಸೀ ರಾಜ್ಯಗಳ ಗಡಿಯುದ್ದಕ್ಕೂ ಹಬ್ಬಿರುವ ಗ್ರೇಟ್ ಸ್ಮೋಕಿ ಪರ್ವತಗಳನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಬೇಕೆಂಬ ಚಳವಳಿಯ ಮುಂಚೂಣಿಯಲ್ಲಿ ಇವರಿದ್ದರು. ಆ ಬೆಟ್ಟಗಳ ಮೂಲನಿವಾಸಿಗಳಾದ ಚೆರೋಕೀ ಜನರ ಇತಿಹಾಸವನ್ನೂ ಬರೆದರು. ನಲವತ್ತೆರಡರ ಹೊಸ್ತಿಲಲ್ಲಿ ಉದ್ಯೋಗ, ಸಂಸಾರ, ಆರೋಗ್ಯ ಮೂರನ್ನೂ ಕಳೆದುಕೊಂಡು ಈ ಕಾಡಿಗೆ ಬಂದ ಕೆಪ್‌ಹಾರ್ಟ್, ತಮಗೆ ಮರುಜೀವ ಕೊಟ್ಟ ಕಾಡನ್ನು ಗರಗಸದ ಬಾಯಿಂದ ಉಳಿಸುವುದಕ್ಕೆ ತಮ್ಮ ಕೊನೆಯ ವರ್ಷಗಳನ್ನು ಮುಡಿಪಾಗಿಟ್ಟರು. ಆದರೆ ಹೀಗೆ ಉಳಿದ ಕಾಡಿನಿಂದ, ಅವರಿಗೆ ಆಶ್ರಯ ನೀಡಿದ ಬೆಟ್ಟದ ರೈತರೇ ಹೊರಹೋಗಬೇಕಾಯಿತು ಎಂಬುದೂ ಅವರ ಜೀವನಕಥೆಯ ಒಂದು ಭಾಗವೇ ಆಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕೆಪ್‌ಹಾರ್ಟ್ ಪೆನ್ಸಿಲ್ವೇನಿಯಾ ರಾಜ್ಯದ ಈಸ್ಟ್ ಸೇಲಂ ಎಂಬಲ್ಲಿ ಜನಿಸಿದರು. ತಂದೆ ಐಸಾಯ ಕೆಪ್‌ಹಾರ್ಟ್ ಪಾದ್ರಿಗಳೂ ಅಧ್ಯಾಪಕರೂ ಆಗಿದ್ದರು. ಬಾಲಕನಿದ್ದಾಗಲೇ ಕುಟುಂಬವು ಪಶ್ಚಿಮದ ಅಯೋವಾ ರಾಜ್ಯಕ್ಕೆ ವಲಸೆ ಹೋಯಿತು. ಆಗಿನ್ನೂ ಅದು ನೇಗಿಲು ಅಷ್ಟಾಗಿ ಕಾಣದ ಹುಲ್ಲುಗಾವಲಿನ ಸೀಮೆ. ಒಡಹುಟ್ಟಿದವರ ಜೊತೆಯಿಲ್ಲದ ಬಾಲಕನಿಗೆ ಬಯಲೂ ಪುಸ್ತಕಗಳೂ ಸಂಗಾತಿಗಳಾದವು. ಮುಂದೆ ಕುಟುಂಬ ಪೆನ್ಸಿಲ್ವೇನಿಯಾಕ್ಕೆ ಮರಳಿತು. ಕೆಪ್‌ಹಾರ್ಟ್ ೧೮೭೯ರಲ್ಲಿ ಆ ರಾಜ್ಯದ ಲೆಬನಾನ್ ವ್ಯಾಲಿ ಕಾಲೇಜಿನಿಂದ ಪದವಿ ಪಡೆದರು. ಆಗ ಅವರಿಗೆ ಹದಿನೇಳು ವರ್ಷವೂ ತುಂಬಿರಲಿಲ್ಲ. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಪ್ರಾಣಿಶಾಸ್ತ್ರವನ್ನು ಅಭ್ಯಾಸಮಾಡಿ, ಅಲ್ಲಿಂದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದರು.

ಕಾರ್ನೆಲ್‌ನ ಗ್ರಂಥಾಲಯದ ಮುಖ್ಯಸ್ಥರಾಗಿದ್ದ ವಿಲ್ಲರ್ಡ್ ಫಿಸ್ಕ್ ಈ ತರುಣನ ಶಿಸ್ತನ್ನು ಮೆಚ್ಚಿಕೊಂಡರು. ಫಿಸ್ಕ್ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ನೆಲೆಸಿ ಕವಿ ಪೆಟ್ರಾರ್ಕ್‌ನಿಗೆ ಸಂಬಂಧಿಸಿದ ಗ್ರಂಥಗಳನ್ನು ಸಂಗ್ರಹಿಸುತ್ತಿದ್ದಾಗ ಅವುಗಳ ಸೂಚಿಯನ್ನು ಸಿದ್ಧಪಡಿಸಲು ಕೆಪ್‌ಹಾರ್ಟ್‌ರನ್ನು ೧೮೮೫ರಲ್ಲಿ ಕರೆಸಿಕೊಂಡರು. ಇಟಲಿಯಲ್ಲಿದ್ದಷ್ಟು ಕಾಲ ಗ್ರಂಥಸೂಚಿಯ ಕೆಲಸದ ಜೊತೆಗೆ ಬೆಟ್ಟಗಳಲ್ಲಿ ಅಲೆಯುವ ಹವ್ಯಾಸವೂ ಅಂಟಿಕೊಂಡಿತು. ಸ್ವದೇಶಕ್ಕೆ ಮರಳಿದ ಮೇಲೆ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಉದ್ಯೋಗಕ್ಕೆ ಸೇರಿದರು. ೧೮೮೭ರಲ್ಲಿ ಇಥಾಕಾ ಪಟ್ಟಣದ ಲಾರಾ ಮ್ಯಾಕ್ ಅವರೊಡನೆ ವಿವಾಹವಾಯಿತು.

ಸೇಂಟ್ ಲೂಯಿಯ ಗ್ರಂಥಪಾಲಕ

೧೮೯೦ರಲ್ಲಿ, ಇಪ್ಪತ್ತೆಂಟು ತುಂಬುವ ವಯಸ್ಸಿಗೆ, ಕೆಪ್‌ಹಾರ್ಟ್ ಸೇಂಟ್ ಲೂಯಿ ಮರ್ಕಂಟೈಲ್ ಗ್ರಂಥಾಲಯದ ಮುಖ್ಯಸ್ಥರಾದರು. ೧೮೪೬ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಅತ್ಯಂತ ಹಳೆಯ ಗ್ರಂಥಾಲಯವೆಂದು ಹೆಸರಾಗಿದೆ. ಅಮೆರಿಕದ ಪಶ್ಚಿಮದ ಗಡಿನಾಡು, ತುಪ್ಪಳದ ವ್ಯಾಪಾರಿಗಳು, ಬೇಟೆಗಾರರು, ಮೂಲನಿವಾಸಿಗಳು ಮುಂತಾದ ವಿಷಯಗಳ ಮೇಲಿನ ಪುಸ್ತಕಗಳನ್ನೂ ದಾಖಲೆಗಳನ್ನೂ ಅವರು ಶ್ರದ್ಧೆಯಿಂದ ಕೂಡಿಹಾಕಿದರು. ಈ ಕ್ಷೇತ್ರದ ಪ್ರಮಾಣಪುರುಷರೆಂದು ಹೆಸರು ಪಡೆದ ಅವರ ಬಳಿಗೆ ದೂರದೂರದಿಂದ ಪ್ರಶ್ನೆಗಳು ಬರುತ್ತಿದ್ದವು. ಹಳೆಯ ಕಾಲದ ಕೋವಿಗಳ ಬಗೆಗೂ ಅವರಿಗೆ ಅಪಾರ ಆಸಕ್ತಿಯಿತ್ತು. ಪಶ್ಚಿಮದ ಬೇಟೆಗಾರರ ಅಚ್ಚುಮೆಚ್ಚಿನ ಹಾಕನ್ ಕೋವಿ ತಯಾರಾಗುತ್ತಿದ್ದುದೇ ಸೇಂಟ್ ಲೂಯಿ ನಗರದಲ್ಲಿ.

ದಂಪತಿಗಳಿಗೆ ಆರು ಮಂದಿ ಮಕ್ಕಳಾದರು. ಹೊರನೋಟಕ್ಕೆ ಎಲ್ಲವೂ ಸುಸೂತ್ರವಾಗಿಯೇ ಇದ್ದಿತು. ಆದರೆ ಕೆಪ್‌ಹಾರ್ಟ್ ಅವರ ಮನಸ್ಸು ಕ್ರಮೇಣ ಕಚೇರಿಯಿಂದಲೂ ಮನೆಯಿಂದಲೂ ದೂರ ಸರಿಯತೊಡಗಿತ್ತು. ಅವಕಾಶ ಸಿಕ್ಕಾಗಲೆಲ್ಲ ಮಿಸೌರಿ ಮತ್ತು ಆರ್ಕನ್ಸಾ ರಾಜ್ಯಗಳ ಕಾಡುಗಳಿಗೆ ಹೋಗಿ ಒಬ್ಬಂಟಿಯಾಗಿ ಬಿಡಾರ ಹೂಡುತ್ತಿದ್ದರು. ಮದ್ಯದ ಚಟವೂ ಹೆಚ್ಚಾಯಿತು. ೧೯೦೩ರ ಕೊನೆಗೆ ಅವರು ಗ್ರಂಥಾಲಯದ ಹುದ್ದೆಯನ್ನು ಬಿಡಬೇಕಾಯಿತು. ಲಾರಾ ಮಕ್ಕಳನ್ನು ಕರೆದುಕೊಂಡು ತವರಾದ ಇಥಾಕಾಕ್ಕೆ ಹೊರಟುಹೋದರು. ೧೯೦೪ರ ವಸಂತದಲ್ಲಿ ಕೆಪ್‌ಹಾರ್ಟ್ ತೀವ್ರವಾದ ಮಾನಸಿಕ ಆಘಾತಕ್ಕೆ ಒಳಗಾಗಿ ಆತ್ಮಹತ್ಯೆಯ ಸೂಚನೆಯುಳ್ಳ ಪತ್ರವೊಂದನ್ನು ಬರೆದಿಟ್ಟರು. ಪೊಲೀಸರು ಅವರನ್ನು ತಡೆದು ಆಸ್ಪತ್ರೆಗೆ ಸೇರಿಸಿದರು. ವೃತ್ತಪತ್ರಿಕೆಗಳು ಸುದ್ದಿಯನ್ನು ಮುದ್ರಿಸಿದವು. ವೃದ್ಧ ತಂದೆ ಬಂದು ಮಗನನ್ನು ಒಹಾಯೋ ರಾಜ್ಯದ ಡೇಟನ್ ನಗರದ ತಮ್ಮ ಮನೆಗೆ ಕರೆದೊಯ್ದರು.

ದಂಪತಿಗಳು ಮುಂದೆಂದೂ ಒಂದೇ ಮನೆಯಲ್ಲಿ ಸಂಸಾರ ಹೂಡಲಿಲ್ಲ, ವಿಚ್ಛೇದನವನ್ನೂ ಪಡೆಯಲಿಲ್ಲ. ಆರು ಮಕ್ಕಳನ್ನು ಬೆಳೆಸುವ ಹೊರೆಯನ್ನು ಹೊತ್ತವರು ಲಾರಾ. ಕೆಪ್‌ಹಾರ್ಟ್ ಅವರ ವನವಾಸವನ್ನು ಕೊಂಡಾಡುವ ಬರಹಗಳಲ್ಲಿ ಈ ಸಂಗತಿ ಬಹುಕಾಲ ಹಿಂದೆಯೇ ಉಳಿದಿತ್ತು.

ಬೆಟ್ಟಗಳೂ ಚೆರೋಕೀ ಜನರೂ

ಕೆಪ್‌ಹಾರ್ಟ್ ತಲುಪಿದ ಸೀಮೆ ನಿರ್ಜನವಾದುದೇನಲ್ಲ. ಸ್ಮೋಕಿ ಬೆಟ್ಟಗಳು ಸಾವಿರಾರು ವರ್ಷಗಳಿಂದ ಮೂಲನಿವಾಸಿಗಳ ನೆಲೆ. ಮರಗಿಡಗಳ ಉಸಿರಿನಿಂದ ಬೆಟ್ಟದ ಮೇಲೆ ಸದಾ ಕವಿದಿರುವ ನೀಲಿಮಿಶ್ರಿತ ಮಂಜಿನ ಕಾರಣ ಚೆರೋಕೀ ಜನರು ಈ ಸೀಮೆಯನ್ನು ನೀಲಿ ಹೊಗೆಯ ನಾಡೆಂಬ ಅರ್ಥದಲ್ಲಿ ಶಕೊನಗೆ ಎಂದು ಕರೆದರು. ಸ್ಮೋಕಿ ಎಂಬ ಇಂಗ್ಲಿಷ್ ಹೆಸರಿನಲ್ಲಿರುವುದೂ ಅದೇ ಹೊಗೆ. ಟಕಸೀಜಿ ನದಿಯ ದಂಡೆಯಲ್ಲಿದ್ದ ಕಿಟುವಾ ಎಂಬ ಊರನ್ನು ಚೆರೋಕೀ ಜನರು ತಮ್ಮ ತಾಯೂರು ಎಂದು ಭಾವಿಸುತ್ತಾರೆ. ಕೆಪ್‌ಹಾರ್ಟ್ ಮುಂದೆ ನೆಲೆಸಿದ ಬ್ರೈಸನ್ ಸಿಟಿ ಪಟ್ಟಣಕ್ಕೆ ಈ ಸ್ಥಳ ಕೆಲವೇ ಮೈಲಿಗಳ ದೂರ.

೧೮೩೦ರ ಮೂಲನಿವಾಸಿಗಳ ಸ್ಥಳಾಂತರ ಕಾಯಿದೆ ಮತ್ತು ೧೮೩೫ರ ನ್ಯೂ ಎಕೋಟಾ ಒಪ್ಪಂದದ ಆಧಾರದ ಮೇಲೆ, ೧೮೩೮ರಲ್ಲಿ ಸುಮಾರು ಹದಿನಾರು ಸಾವಿರ ಚೆರೋಕೀ ಜನರನ್ನು ಸೈನ್ಯದ ಕಾವಲಿನಲ್ಲಿ ಮಿಸಿಸಿಪಿ ನದಿಯ ಆಚೆಗೆ ಅಟ್ಟಲಾಯಿತು. ದಾರಿಯಲ್ಲಿಯೂ ಶಿಬಿರಗಳಲ್ಲಿಯೂ ಸತ್ತವರ ಸಂಖ್ಯೆ ಸುಮಾರು ನಾಲ್ಕು ಸಾವಿರವೆಂದು ಅಂದಾಜು. ಈ ಯಾತ್ರೆ ಇತಿಹಾಸದಲ್ಲಿ ಕಣ್ಣೀರಿನ ಹಾದಿ ಎಂದು ದಾಖಲಾಗಿದೆ. ಸುಮಾರು ಒಂದು ಸಾವಿರ ಮಂದಿ ಮಾತ್ರ ಉತ್ತರ ಕೆರೊಲಿನಾದಲ್ಲಿ ಉಳಿದುಕೊಂಡರು. ಕೆಲವರು ಆ ಕಾಲಕ್ಕೆ ಚೆರೋಕೀ ರಾಷ್ಟ್ರದ ಗಡಿಯ ಹೊರಗೆ ವಾಸವಾಗಿದ್ದುದರಿಂದ ಉಳಿದರು. ಕೆಲವರು ಸ್ಮೋಕಿ ಬೆಟ್ಟಗಳ ದಟ್ಟ ಕಾಡಿನಲ್ಲಿ ಅಡಗಿಕೊಂಡು ಉಳಿದರು. ಹೀಗೆ ಅಡಗಿದ್ದವರ ಪೈಕಿ ಸೈನಿಕರ ಹತ್ಯೆಯ ಆರೋಪದ ಮೇಲೆ ಗುಂಡಿಗೆ ಬಲಿಯಾದ ಸಾಲಿ ಎಂಬ ರೈತನ ಹೆಸರು ಇಂದಿಗೂ ಅಲ್ಲಿ ಮನೆಮಾತು. ಚೆರೋಕೀ ಮುಖ್ಯಸ್ಥ ಯೋನಗುಸ್ಕ ಅವರ ಸಾಕುಮಗನಾದ ವಿಲಿಯಂ ಹಾಲೆಂಡ್ ಥಾಮಸ್ ಎಂಬ ಬಿಳಿಯ ವ್ಯಾಪಾರಿ ತಮ್ಮ ಹೆಸರಿನಲ್ಲಿ ಜಮೀನು ಕೊಂಡು ಈ ಜನರಿಗೆ ನೆಲೆ ಒದಗಿಸಿದರು. ಅದೇ ಇಂದಿನ ಕ್ವಾಲಾ ಬೌಂಡರಿ. ಅಲ್ಲಿನವರು ಪೂರ್ವ ಚೆರೋಕೀ ಪಂಗಡದವರೆಂದು ಪ್ರಸಿದ್ಧರು.

ಹೇಝಲ್ ಕ್ರೀಕ್‌ನ ಮೂರು ವರ್ಷಗಳು

೧೯೦೪ರ ಆಗಸ್ಟ್‌ನಲ್ಲಿ ಕೆಪ್‌ಹಾರ್ಟ್ ಪಶ್ಚಿಮ ಉತ್ತರ ಕೆರೊಲಿನಾವನ್ನು ತಲುಪಿದರು. ಇದೇ ಬೆಟ್ಟಗಳನ್ನು ಆರಿಸಿಕೊಂಡುದಕ್ಕೆ ಅವರು ಕೊಟ್ಟ ಕಾರಣ ಗ್ರಂಥಪಾಲಕರಿಗೆ ತಕ್ಕುದಾಗಿಯೇ ಇದೆ: ಎಷ್ಟು ಹುಡುಕಿದರೂ ಈ ಪ್ರದೇಶದ ಬಗ್ಗೆ ಓದಲು ಯೋಗ್ಯವಾದ ಒಂದು ಪುಸ್ತಕವಾಗಲಿ ಲೇಖನವಾಗಲಿ ಅವರಿಗೆ ಗ್ರಂಥಾಲಯದಲ್ಲಿ ದೊರೆತಿರಲಿಲ್ಲ. ಮೊದಲು ಡಿಲ್ಸ್‌ಬೊರೊ ಸಮೀಪದ ಡಿಕ್ಸ್ ಕ್ರೀಕ್ ಹಳ್ಳದ ಬಳಿ ಗುಡಾರ ಹಾಕಿದರು. ಚಳಿಗಾಲ ಸಮೀಪಿಸಿದಾಗ ಹೇಝಲ್ ಕ್ರೀಕ್ ಕಣಿವೆಯ ಮೇಲ್ಭಾಗದಲ್ಲಿ, ಮೊಕದ್ದಮೆಯ ಕಾರಣದಿಂದ ಮುಚ್ಚಿಹೋಗಿದ್ದ ತಾಮ್ರದ ಗಣಿಯೊಂದಕ್ಕೆ ಸೇರಿದ ಮರದ ಮನೆಯಲ್ಲಿ ವಾಸಿಸಲು ಅನುಮತಿ ಪಡೆದರು. ಕಣಿವೆಗೆ ಬರುವಾಗ ಅವರು ನಿಲ್ಲಲಾರದಷ್ಟು ನಿತ್ರಾಣರಾಗಿದ್ದರು. ಗ್ರ್ಯಾನ್‌ವಿಲ್ ಕ್ಯಾಲ್ಹೌನ್ ಎಂಬ ಸ್ಥಳೀಯರು ಅವರನ್ನು ಹೇಸರಗತ್ತೆಯ ಮೇಲೆ ಕೂರಿಸಿಕೊಂಡು ಮನೆಗೆ ಕರೆತಂದು, ಹಾಲು ಕುಡಿಸಿ ಉಪಚರಿಸಿದ ವೃತ್ತಾಂತವನ್ನು ಕ್ಯಾಲ್ಹೌನ್ ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಹತ್ತಿರದ ಮೆಡ್ಲಿನ್ ಎಂಬ ಊರಿನಲ್ಲಿದ್ದುದು ಎರಡು ಅಂಗಡಿ, ಒಂದು ಹಿಟ್ಟಿನ ಗಿರಣಿ, ನಾಲ್ಕು ಮನೆ. ಉಳಿದ ಒಕ್ಕಲುಗಳು ಕಣಿವೆಯ ಉದ್ದಗಲಕ್ಕೂ ಚದುರಿಕೊಂಡಿದ್ದವು. ಈ ಮನೆಯಲ್ಲಿ ಕೆಪ್‌ಹಾರ್ಟ್ ೧೯೦೭ರವರೆಗೆ ಬಹುಮಟ್ಟಿಗೆ ಒಂಟಿಯಾಗಿ ಬದುಕಿದರು. ನೆರೆಯವರೊಡನೆ ಕರಡಿಬೇಟೆಗೆ ಹೋದರು. ಅವರ ಮಾತು, ಗಾದೆ, ಔಷಧ, ಊಟ, ಜಗಳ ಎಲ್ಲವನ್ನೂ ಗುರುತುಹಾಕಿಕೊಂಡರು. ಆ ಟಿಪ್ಪಣಿಗಳನ್ನು ವಿಷಯಾನುಕ್ರಮವಾಗಿ ವಿಂಗಡಿಸಿ ಇಟ್ಟ ರೀತಿಯಲ್ಲಿ ಹಳೆಯ ಗ್ರಂಥಪಾಲಕನ ಕೈವಾಡ ಎದ್ದು ಕಾಣುತ್ತದೆ. ಗ್ರಂಥಾಲಯದಲ್ಲಿ ಸಿಗದೆ ಹೋದ ಪುಸ್ತಕವನ್ನು ಅವರು ತಾವೇ ಬರೆಯಲು ಸಿದ್ಧತೆ ನಡೆಸಿದ್ದರು. ಇಂತಹ ಇಪ್ಪತ್ತೇಳು ಟಿಪ್ಪಣಿ ಪುಸ್ತಕಗಳು ಇಂದು ವೆಸ್ಟರ್ನ್ ಕೆರೊಲಿನಾ ವಿಶ್ವವಿದ್ಯಾಲಯದ ಹಂಟರ್ ಗ್ರಂಥಾಲಯದಲ್ಲಿವೆ.

ಹೇಝಲ್ ಕ್ರೀಕ್ ಬಿಟ್ಟ ಮೇಲೆ ಅಪಲಾಚಿಯನ್ ಬೆಟ್ಟಗಳ ಇತರ ಭಾಗಗಳಲ್ಲಿ ಕೆಲಕಾಲ ಸುತ್ತಾಡಿ, ೧೯೧೦ರಲ್ಲಿ ಬ್ರೈಸನ್ ಸಿಟಿಗೆ ಬಂದರು. ಅಲ್ಲಿನ ಕೂಪರ್ ಹೌಸ್ ಎಂಬ ಊಟವಸತಿಯ ಮನೆ ಅವರ ಖಾಯಂ ವಿಳಾಸವಾಯಿತು. ಬೇಸಗೆಯ ದಿನಗಳನ್ನು ಡೀಪ್ ಕ್ರೀಕ್ ಹಳ್ಳದ ಮೇಲ್ಭಾಗದ ಬ್ರೈಸನ್ ಪ್ಲೇಸ್ ಎಂಬಲ್ಲಿ ಗುಡಾರದಲ್ಲಿ ಕಳೆಯುತ್ತಿದ್ದರು.

ಕಾಡುವಾಸದ ಕೈಪಿಡಿ

‘ದಿ ಬುಕ್ ಆಫ್ ಕ್ಯಾಂಪಿಂಗ್ ಅಂಡ್ ವುಡ್‌ಕ್ರಾಫ್ಟ್’ ೧೯೦೬ರಲ್ಲಿ, ಅಂದರೆ ಲೇಖಕರು ಹೇಝಲ್ ಕ್ರೀಕ್‌ನಲ್ಲಿ ಇದ್ದಾಗಲೇ, ಪ್ರಕಟವಾಯಿತು. ಹತ್ತು ವರ್ಷಗಳ ಅನಂತರ, ೧೯೧೬–೧೭ರಲ್ಲಿ, ಇದು ಎರಡು ಸಂಪುಟಗಳಾಗಿ ಬೆಳೆಯಿತು. ಇದೇ ವಿಷಯವನ್ನು ಕುರಿತು ೧೮೮೪ರಲ್ಲಿ ಬರೆದಿದ್ದ ನೆಸ್ಮಕ್ ಎಂಬ ಕಾವ್ಯನಾಮದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಅವರ ಸ್ಮರಣೆಗೆ ಕೃತಿಯನ್ನು ಅರ್ಪಿಸಲಾಗಿದೆ.

ಗುಡಾರವನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು; ಮಳೆಯಲ್ಲಿ ಬೆಂಕಿ ಹೊತ್ತಿಸುವುದು ಹೇಗೆ; ಯಾವ ಮರದ ಸೌದೆ ಕೆಂಡವಾಗಿ ನಿಲ್ಲುತ್ತದೆ, ಯಾವುದು ಬರೀ ಕಿಡಿ ಸಿಡಿಸುತ್ತದೆ; ಕೊಡಲಿಗೆ ಕಾವು ಹಾಕುವುದು, ಗಂಟು ಬಿಗಿಯುವುದು, ದಾರಿ ತಪ್ಪಿದಾಗ ಗಾಬರಿಗೊಳ್ಳದೆ ಇರುವುದು, ಕಾಡಿನ ಸೊಪ್ಪುಗಳಲ್ಲಿ ತಿನ್ನತಕ್ಕವು, ಜೇನುಹುಳುವಿನ ಜಾಡು ಹಿಡಿದು ಗೂಡನ್ನು ಪತ್ತೆಹಚ್ಚುವುದು — ಹೀಗೆ ಕೃತಿಯ ಹರವು ದೊಡ್ಡದು. ಕಡಿಮೆ ಹೊರೆಯೇ ಸುಖ ಎಂಬುದು ಅದರ ತಿರುಳು. ಪೇಟೆಯ ಅಂಗಡಿಗಳು ಶಿಬಿರವಾಸಿಗಳಿಗೆ ಮಾರುತ್ತಿದ್ದ ಭಾರವಾದ, ಅನಾವಶ್ಯಕವಾದ ಸಾಮಗ್ರಿಗಳನ್ನು ಕೆಪ್‌ಹಾರ್ಟ್ ಹಾಸ್ಯಮಾಡುತ್ತಾರೆ. ತಮಗೆ ಬೇಕಾದ ಚಾಕುವನ್ನು ತಾವೇ ವಿನ್ಯಾಸಗೊಳಿಸಿ ಪೆನ್ಸಿಲ್ವೇನಿಯಾದ ಕೋಲ್‌ಕ್ಲೆಸರ್ ಸಹೋದರರಿಂದ ಮಾಡಿಸಿಕೊಂಡರು. ಅಲಂಕಾರವಿಲ್ಲದ ಆ ಚಾಕುವಿನ ಮಾದರಿ ಇಂದಿಗೂ ಅವರ ಹೆಸರಿನಲ್ಲೇ ತಯಾರಾಗುತ್ತಿದೆ. ‘ಕ್ಯಾಂಪ್ ಕುಕರಿ’ (೧೯೧೦) ಮತ್ತು ‘ಸ್ಪೋರ್ಟಿಂಗ್ ಫೈರ್‌ಆರ್ಮ್ಸ್’ (೧೯೧೨) ಇದೇ ಬಗೆಯ ಇತರ ಪುಸ್ತಕಗಳು. ಬಿಡಾರ ಹೂಡುವುದು ಬೇಟೆಗಾರರ ಮತ್ತು ಸೈನಿಕರ ಅಗತ್ಯವಾಗಿದ್ದ ಕಾಲ ಮುಗಿದು ಪಟ್ಟಣಿಗರ ವಿರಾಮದ ವಿನೋದವಾಗಿ ಮಾರ್ಪಡುತ್ತಿದ್ದ ಹೊತ್ತಿನಲ್ಲಿ ಈ ಗ್ರಂಥಗಳು ಎರಡು ಕಾಲಗಳ ನಡುವಿನ ಸೇತುವೆಯಾದವು. ‘ಕ್ಯಾಂಪಿಂಗ್ ಅಂಡ್ ವುಡ್‌ಕ್ರಾಫ್ಟ್’ ಒಂದು ಶತಮಾನ ಕಳೆದರೂ ಮರುಮುದ್ರಣವಾಗುತ್ತಲೇ ಇದೆ.

ಬೆಟ್ಟಿಗರ ಚಿತ್ರಣ

೧೯೧೩ರಲ್ಲಿ ಹೊರಬಂದ ‘ಅವರ್ ಸದರ್ನ್ ಹೈಲ್ಯಾಂಡರ್ಸ್’ ಕೆಪ್‌ಹಾರ್ಟ್ ಅವರ ಅತ್ಯಂತ ಮಹತ್ವದ ಕೃತಿ. ೧೯೨೨ರಲ್ಲಿ ಇದರ ವಿಸ್ತೃತ ಆವೃತ್ತಿ ಪ್ರಕಟವಾಯಿತು. ಬೆಟ್ಟದ ಬಡ ಬಿಳಿಯರ ಬೇಸಾಯ, ಬೇಟೆ, ಆಡುನುಡಿ, ಸ್ವಾಭಿಮಾನ, ಹಗೆತನಗಳನ್ನು ಹತ್ತಿರದಿಂದ ಕಂಡು ಬರೆದ ಪುಸ್ತಕ ಇದು. ಕಳ್ಳಭಟ್ಟಿಯ ಬಗ್ಗೆ ಹಲವು ಅಧ್ಯಾಯಗಳಿವೆ. ರಸ್ತೆಯೇ ಇಲ್ಲದ ಸೀಮೆಯಲ್ಲಿ ಮುಸುಕಿನ ಜೋಳವನ್ನು ಮೂಟೆಯಾಗಿ ಸಂತೆಗೆ ಸಾಗಿಸಿದರೆ ಸಾಗಣೆಯ ಖರ್ಚೂ ಹುಟ್ಟುತ್ತಿರಲಿಲ್ಲ. ಅದನ್ನೇ ಬಟ್ಟಿಯಿಳಿಸಿದರೆ ಒಂದು ಹೇಸರಗತ್ತೆ ಹೊರುವ ಸರಕಿನಲ್ಲಿ ನಾಲ್ಕು ಕಾಸು ಕಾಣಬಹುದಾಗಿತ್ತು. ಬೆಟ್ಟಿಗರಿಗೆ ಇದು ಅಪರಾಧವೆನಿಸಲಿಲ್ಲ, ಅಬಕಾರಿ ತೆರಿಗೆಯೇ ಅನ್ಯಾಯವೆನಿಸಿತು. ಈ ಆರ್ಥಿಕ ಕಾರಣವನ್ನು ಬಿಡಿಸಿ ಹೇಳಿದುದು ಪುಸ್ತಕದ ಹೆಚ್ಚುಗಾರಿಕೆ.

ಆಕ್ಷೇಪಣೆಗಳೂ ಇವೆ. ಕೆಪ್‌ಹಾರ್ಟ್ ಕಂಡ ಬೆಟ್ಟಿಗರು ಅತಿ ದೂರದ ಕೊಳ್ಳಗಳಲ್ಲಿದ್ದವರು; ಅದೇ ಸೀಮೆಯ ಶಾಲೆ, ಅಂಗಡಿ, ಚರ್ಚು, ಪಟ್ಟಣಗಳ ಸಾಮಾನ್ಯ ಬದುಕಿಗೆ ಪುಸ್ತಕದಲ್ಲಿ ಎಡೆ ಕಡಿಮೆ. ಬಂದೂಕು ಮತ್ತು ಬಟ್ಟಿಯ ಕಥೆಗಳಿಗೆ ಒತ್ತು ಕೊಟ್ಟು ಬೆಟ್ಟಿಗರನ್ನು ಹಿಂದುಳಿದ ವಿಚಿತ್ರ ಜನರೆಂಬಂತೆ ಚಿತ್ರಿಸಿದರೆಂದು ಮುಂದಿನ ವಿದ್ವಾಂಸರು ಟೀಕಿಸಿದ್ದಾರೆ. ಈ ಟೀಕೆಯಲ್ಲಿ ಹುರುಳಿದೆ. ಆದರೂ ಬೆಟ್ಟಿಗರ ನುಡಿಯನ್ನು ಅಪಭ್ರಂಶವೆಂದು ತಳ್ಳಿಹಾಕದೆ ಶಬ್ದಶಬ್ದವಾಗಿ ಸಂಗ್ರಹಿಸಿದ ಅವರ ಪರಿಶ್ರಮಕ್ಕೆ ಭಾಷಾಧ್ಯಯನಕಾರರು ಇಂದಿಗೂ ಋಣಿಗಳು.

ಚೆರೋಕೀ ಇತಿಹಾಸದ ಬರಹ

ಬ್ರೈಸನ್ ಸಿಟಿಯಲ್ಲಿ ನೆಲೆಸಿದ ಮೇಲೆ ಕ್ವಾಲಾ ಬೌಂಡರಿ ಕೆಪ್‌ಹಾರ್ಟ್ ಅವರಿಗೆ ನೆರೆಯ ಸೀಮೆಯಾಯಿತು. ಜನಾಂಗಶಾಸ್ತ್ರಜ್ಞ ಜೇಮ್ಸ್ ಮೂನಿ ಪೂರ್ವ ಚೆರೋಕೀ ಜನರ ನಡುವೆ ಇದ್ದು ಸಂಗ್ರಹಿಸಿದ ‘ಮಿಥ್ಸ್ ಆಫ್ ದಿ ಚೆರೋಕೀ’ ೧೯೦೦ರಲ್ಲಿಯೇ ಪ್ರಕಟವಾಗಿತ್ತು. ಅದರಲ್ಲಿ ಬರುವ ಕಥೆಗಳಲ್ಲೊಂದು ಅಟಗಾಹಿ ಎಂಬ ಅದೃಶ್ಯ ಸರೋವರದ್ದು. ಸ್ಮೋಕಿ ಬೆಟ್ಟಗಳ ನಡುವೆ ಎಲ್ಲಿಯೋ ಇರುವ ಆ ಸರೋವರ ಬೇಟೆಗಾರರ ಕಣ್ಣಿಗೆ ಕಾಣುವುದಿಲ್ಲ. ಗಾಯಗೊಂಡ ಕರಡಿಗಳು ಅದರಲ್ಲಿ ಈಜಿ ದಡ ಸೇರುವಷ್ಟರಲ್ಲಿ ಗುಣವಾಗುತ್ತವೆ. ಕುವೋಹಿ ಶಿಖರದ ಅಡಿಯಲ್ಲಿ ಕರಡಿಗಳ ಸಭಾಮಂದಿರವಿದೆ ಎಂಬುದೂ ಚೆರೋಕೀ ನಂಬಿಕೆ.

ಕೆಪ್‌ಹಾರ್ಟ್ ಪುರಾಣಕ್ಕಿಂತ ಹೆಚ್ಚಾಗಿ ಇತಿಹಾಸದ ಕಡೆಗೆ ಗಮನವಿತ್ತರು. ಒಪ್ಪಂದದ ಮೇಲೆ ಒಪ್ಪಂದವಾಗಿ ಚೆರೋಕೀ ಭೂಮಿ ಕರಗಿಹೋದ ಬಗೆ, ೧೮೩೮ರ ಗಡೀಪಾರು, ಕಾಡಿನಲ್ಲಿ ಉಳಿದವರ ಹೋರಾಟ ಇವುಗಳನ್ನು ಸರಳವಾಗಿ ಬರೆದರು. ಈ ಬರಹ ‘ದಿ ಚೆರೋಕೀಸ್ ಆಫ್ ದಿ ಸ್ಮೋಕಿ ಮೌಂಟನ್ಸ್’ ಎಂಬ ಕಿರುಹೊತ್ತಗೆಯಾಗಿ ಹೊರಬಂದುದು ೧೯೩೬ರಲ್ಲಿ, ಅವರ ಮರಣದ ಐದು ವರ್ಷಗಳ ಮೇಲೆ. ಪ್ರಕಟಿಸಿದವರು ಪತ್ನಿ ಲಾರಾ.

ಉದ್ಯಾನದ ಸ್ಥಳನಾಮಗಳನ್ನು ನಿರ್ಧರಿಸಲು ಉತ್ತರ ಕೆರೊಲಿನಾದಲ್ಲಿ ರಚಿತವಾದ ಸಮಿತಿಯಲ್ಲಿಯೂ ಕೆಪ್‌ಹಾರ್ಟ್ ಕೆಲಸಮಾಡಿದರು. ಒಂದೇ ಬೆಟ್ಟಕ್ಕೆ ಎರಡೆರಡು ಹೆಸರು, ಒಂದೇ ಹೆಸರಿನ ನಾಲ್ಕಾರು ಹಳ್ಳಗಳಿದ್ದ ಸೀಮೆಯಲ್ಲಿ ಇದು ಸಣ್ಣ ಕೆಲಸವಲ್ಲ. ಸ್ಮೋಕಿ ಸಾಲಿನ ಎತ್ತರದ ಶಿಖರಗಳಲ್ಲಿ ಒಂದು ಇಂದು ಸಿಕ್ವೋಯಾ ಅವರ ಹೆಸರಿನಲ್ಲಿದೆ. ಯಾವ ಲಿಪಿಯನ್ನೂ ಓದಲರಿಯದ ಸಿಕ್ವೋಯಾ ೧೮೨೧ರ ಹೊತ್ತಿಗೆ ತಮ್ಮ ನುಡಿಗೆ ಲಿಪಿಯನ್ನು ರಚಿಸಿಕೊಟ್ಟ ಚೆರೋಕೀ ಪುರುಷರು. ಇಂದು ಬಳಕೆಯಲ್ಲಿರುವ ಅದರ ಎಂಬತ್ತೈದು ಅಕ್ಷರಗಳಲ್ಲಿ ಬಹುತೇಕ ಎಲ್ಲವೂ, ಕನ್ನಡದ ಗುಣಿತಾಕ್ಷರದ ಹಾಗೆ, ಒಂದೊಂದು ಪೂರ್ಣ ಉಚ್ಚಾರವನ್ನು ಸೂಚಿಸುತ್ತವೆ. ಆದರೆ ಕಾಗುಣಿತದ ಕ್ರಮ ಅಲ್ಲಿಲ್ಲ, ಪ್ರತಿಯೊಂದಕ್ಕೂ ಬೇರೆಯೇ ಆಕಾರ.

ರಾಷ್ಟ್ರೀಯ ಉದ್ಯಾನಕ್ಕಾಗಿ ಹೋರಾಟ

ಕೆಪ್‌ಹಾರ್ಟ್ ಹೇಝಲ್ ಕ್ರೀಕ್ ಬಿಟ್ಟ ಕೆಲವೇ ವರ್ಷಗಳಲ್ಲಿ ಡಬ್ಲ್ಯೂ. ಎಂ. ರಿಟರ್ ಮರದ ಕಂಪನಿ ಆ ಕಣಿವೆಗೆ ರೈಲುಹಳಿ ಹಾಕಿತು. ಪ್ರಾಕ್ಟರ್ ಎಂಬ ಹಳ್ಳಿ ಗರಗಸದ ಕಾರ್ಖಾನೆಯ ಪಟ್ಟಣವಾಗಿ ಬೆಳೆಯಿತು. ೧೯೨೮ರಲ್ಲಿ ಕಂಪನಿ ಹೊರಟುಹೋಗುವ ಹೊತ್ತಿಗೆ ಕಣಿವೆಯ ಮಹಾವೃಕ್ಷಗಳು ಬಹುಪಾಲು ನೆಲಕ್ಕುರುಳಿದ್ದವು. ಸ್ಮೋಕಿ ಬೆಟ್ಟಗಳ ಇತರ ಕಣಿವೆಗಳ ಕಥೆಯೂ ಇದೇ. ಕಡಿದುಳಿದ ಕೊಂಬೆರೆಂಬೆಗಳಿಗೆ ಬೆಂಕಿ ತಗುಲಿ, ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗಿ, ಕೆಲವು ಏಣುಗಳಲ್ಲಿ ಬರಿಯ ಬಂಡೆ ಉಳಿಯಿತು.

ಕೆಪ್‌ಹಾರ್ಟ್ ಲೇಖನಿಯನ್ನು ಈ ಕಡೆಗೆ ತಿರುಗಿಸಿದರು. ವೃತ್ತಪತ್ರಿಕೆಗಳಿಗೆ, ಮಾಸಪತ್ರಿಕೆಗಳಿಗೆ, ಅಧಿಕಾರಿಗಳಿಗೆ ಎಡೆಬಿಡದೆ ಬರೆದರು. ಮರದ ಕಂಪನಿಗಳು ಇದನ್ನು ವಿರೋಧಿಸಿದವು. ರಾಷ್ಟ್ರೀಯ ಉದ್ಯಾನದ ಬದಲು, ಮರ ಕಡಿಯಲು ಅವಕಾಶವಿರುವ ಸರಕಾರಿ ಅರಣ್ಯವಾದರೆ ಸಾಕೆಂಬ ವಾದವೂ ಪ್ರಬಲವಾಗಿತ್ತು.

ಈ ಕೆಲಸದಲ್ಲಿ ಅವರ ಜೊತೆಗಾರರಾದವರು ಆಶ್‌ವಿಲ್ ನಗರದ ಛಾಯಾಗ್ರಾಹಕ ಜಾರ್ಜ್ ಮಾಸಾ. ಜಪಾನ್‌ನಿಂದ ವಲಸೆ ಬಂದಿದ್ದ ಮಾಸಾ, ಭಾರವಾದ ಕ್ಯಾಮೆರಾವನ್ನು ಹೊತ್ತು ಶಿಖರದಿಂದ ಶಿಖರಕ್ಕೆ ಅಲೆಯುತ್ತಿದ್ದರು. ಸೈಕಲ್ಲಿನ ಚಕ್ರಕ್ಕೆ ಅಳತೆಯ ಸಾಧನವನ್ನು ಜೋಡಿಸಿ ಅದನ್ನು ತಳ್ಳುತ್ತ ಕಾಲುದಾರಿಗಳ ಉದ್ದವನ್ನು ಅಳೆದರು. ಕೆಪ್‌ಹಾರ್ಟ್ ಅವರ ಬರಹ, ಮಾಸಾ ಅವರ ಚಿತ್ರ — ಇವೆರಡೂ ಕೂಡಿ, ಬೆಟ್ಟಗಳನ್ನು ಎಂದೂ ನೋಡದವರಿಗೂ ಅವುಗಳ ಮೇಲೆ ಮಮತೆ ಹುಟ್ಟುವಂತೆ ಮಾಡಿದವು. ೧೯೨೯ರ ಒಂದು ಚಾರಣದಲ್ಲಿ ಜೊತೆಗಿದ್ದ ಚಾರ್ಲಿ ಕಾನರ್ ಕಾಲಿನ ನೋವು ತಾಳಲಾರದೆ ಬೂಟು ಕಳಚಿದಾಗ, ಅವರ ಹೆಬ್ಬೆರಳ ಬುಡದ ಗಂಟಿಗೂ ಎದುರಿಗಿದ್ದ ಬೋಳು ಬಂಡೆಗೂ ಹೋಲಿಕೆ ಕಂಡ ಕೆಪ್‌ಹಾರ್ಟ್ ಆ ಬಂಡೆಗೆ ಅದೇ ಹೆಸರಿಡಿಸುವುದಾಗಿ ಮಾತುಕೊಟ್ಟರಂತೆ. ಚಾರ್ಲೀಸ್ ಬನಿಯನ್ ಎಂಬ ಹೆಸರು ಇಂದಿಗೂ ಸರಕಾರಿ ನಕ್ಷೆಗಳಲ್ಲಿದೆ. ಉದ್ಯಾನದ ಅತ್ಯಂತ ಜನಪ್ರಿಯ ಚಾರಣ ತಾಣಗಳಲ್ಲಿ ಅದೂ ಒಂದು.

ಬೆಂಟನ್ ಮಕಾಯ್ ೧೯೨೧ರಲ್ಲಿ ಸೂಚಿಸಿದ ಅಪಲಾಚಿಯನ್ ಟ್ರೇಲ್ ಎಂಬ ಸುದೀರ್ಘ ಕಾಲುದಾರಿ ಸ್ಮೋಕಿ ಬೆಟ್ಟಗಳ ಮೂಲಕ ಯಾವ ಏಣು ಹಿಡಿದು ಸಾಗಬೇಕು ಎಂಬುದನ್ನು ಗುರುತಿಸುವಲ್ಲಿಯೂ ಇವರಿಬ್ಬರ ಶ್ರಮವಿದೆ. ಜಾರ್ಜಿಯಾದಿಂದ ಮೇಯ್ನ್ ರಾಜ್ಯದವರೆಗೆ ಸುಮಾರು ೩,೫೦೦ ಕಿಲೋಮೀಟರ್ ಉದ್ದದ ಈ ದಾರಿ ೧೯೩೭ರಲ್ಲಿ ಪೂರ್ಣಗೊಂಡಿತು.

ಉದ್ಯಾನಕ್ಕೆ ಅಮೆರಿಕದ ಸಂಸತ್ತು ೧೯೨೬ರ ಮೇ ತಿಂಗಳಿನಲ್ಲಿ ಒಪ್ಪಿಗೆ ನೀಡಿತಾದರೂ ಜಮೀನು ಕೊಳ್ಳಲು ಹಣ ಕೊಡಲಿಲ್ಲ. ಎರಡೂ ರಾಜ್ಯಗಳ ಸರಕಾರಗಳು ಹಣ ತೆಗೆದಿರಿಸಿದವು; ಸಾರ್ವಜನಿಕರು ವಂತಿಗೆ ಎತ್ತಿದರು; ಶಾಲಾಮಕ್ಕಳು ಚಿಲ್ಲರೆ ಕಾಸು ಕೂಡಿಸಿ ಕೊಟ್ಟರು. ಉಳಿದ ಐವತ್ತು ಲಕ್ಷ ಡಾಲರುಗಳನ್ನು ೧೯೨೮ರಲ್ಲಿ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ತಮ್ಮ ತಾಯಿಯ ನೆನಪಿಗೆ ದಾನವಾಗಿ ನೀಡಿದರು.

ಮರಣ

ಜೀವಂತ ವ್ಯಕ್ತಿಗಳ ಹೆಸರನ್ನು ಶಿಖರಗಳಿಗೆ ಇಡುವುದು ಅಪರೂಪ. ಆದರೆ ೧೯೩೧ರ ಆರಂಭದಲ್ಲಿ ೬,೨೧೭ ಅಡಿ ಎತ್ತರದ ಶಿಖರವೊಂದಕ್ಕೆ ಮೌಂಟ್ ಕೆಪ್‌ಹಾರ್ಟ್ ಎಂಬ ಹೆಸರು ಗೊತ್ತಾಯಿತು. ಸುಮಾರು ಎರಡು ತಿಂಗಳ ನಂತರ, ಏಪ್ರಿಲ್ ೨ರ ರಾತ್ರಿ, ಬ್ರೈಸನ್ ಸಿಟಿಯ ಬಳಿ ಟ್ಯಾಕ್ಸಿಯೊಂದು ಉರುಳಿಬಿದ್ದು ಅದರಲ್ಲಿದ್ದ ಕೆಪ್‌ಹಾರ್ಟ್ ಮತ್ತು ಅವರ ಅತಿಥಿಯಾಗಿದ್ದ ಜಾರ್ಜಿಯಾದ ಲೇಖಕ ಫಿಸ್ವುಡ್ ಟಾರ್ಲ್ಟನ್ ಮೃತಪಟ್ಟರು. ಪಾನನಿಷೇಧದ ಆ ಕಾಲದಲ್ಲಿ ಇಬ್ಬರೂ ಸಾರಾಯಿ ತರಲು ಹೋಗಿದ್ದರೆಂದು ಜೀವನಚರಿತ್ರಕಾರರು ಬರೆದಿದ್ದಾರೆ. ಕಾಡು ಅವರ ಬಹಳಷ್ಟು ಗಾಯಗಳನ್ನು ಮಾಯಿಸಿತ್ತು, ಕುಡಿತವನ್ನು ಮಾತ್ರ ಬಿಡಿಸಿರಲಿಲ್ಲ. ಬ್ರೈಸನ್ ಸಿಟಿಯ ಗುಡ್ಡದ ಮೇಲಿನ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಗುರುತಿಗೆ ಒಂದು ದೊಡ್ಡ ಬಂಡೆಗಲ್ಲನ್ನು ಇಡಲಾಗಿದೆ. ಅದೇ ವರ್ಷ ಅವರ ಹೆಸರನ್ನು ಹೊತ್ತ ಸ್ಕೌಟ್ ದಳದ ಬಾಲಕರು ಬ್ರೈಸನ್ ಪ್ಲೇಸ್‌ನ ಹಳೆಯ ಬಿಡಾರದ ಜಾಗದಲ್ಲಿ ಬೀಸುವ ಕಲ್ಲೊಂದನ್ನು ಸ್ಮಾರಕವಾಗಿ ನಿಲ್ಲಿಸಿದರು. ಗೆಳೆಯನ ಪಕ್ಕದ ಮಣ್ಣನ್ನೇ ಬಯಸಿದ್ದ ಮಾಸಾ ೧೯೩೩ರಲ್ಲಿ ಬಡತನದಲ್ಲಿ ತೀರಿಕೊಂಡು ಆಶ್‌ವಿಲ್‌ನಲ್ಲಿ ಸಮಾಧಿಯಾದರು. ಮೌಂಟ್ ಕೆಪ್‌ಹಾರ್ಟ್‌ನ ಪಕ್ಕದ ಶಿಖರಕ್ಕೆ ೧೯೬೧ರಲ್ಲಿ ಮಾಸಾ ನಾಬ್ ಎಂದು ಹೆಸರಿಡಲಾಯಿತು.

ಅನಂತರದ ಬೆಳವಣಿಗೆಗಳು

ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನವು ೧೯೩೪ರ ಜೂನ್ ೧೫ರಂದು ಅಸ್ತಿತ್ವಕ್ಕೆ ಬಂದಿತು. ೧೯೪೦ರ ಸೆಪ್ಟೆಂಬರ್ ೨ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅದನ್ನು ಜನತೆಗೆ ಅರ್ಪಿಸಿದರು. ೧೯೮೩ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ತಾಣವೆಂದು ಮನ್ನಣೆ ನೀಡಿತು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಪೈಕಿ ಅತಿ ಹೆಚ್ಚು ಜನ ಭೇಟಿ ನೀಡುವುದು ಇದಕ್ಕೇ.

ಪಶ್ಚಿಮದ ಹಳೆಯ ಉದ್ಯಾನಗಳ ಬಹುಪಾಲು ನೆಲ ಸರಕಾರದ ಒಡೆತನದಲ್ಲೇ ಇದ್ದಿತು. ಸ್ಮೋಕಿ ಬೆಟ್ಟಗಳಲ್ಲಿ ಹಾಗಿರಲಿಲ್ಲ. ಆರು ಸಾವಿರಕ್ಕೂ ಹೆಚ್ಚು ತುಂಡು ಜಮೀನುಗಳನ್ನು ಒಂದೊಂದಾಗಿ ಕೊಳ್ಳಬೇಕಾಯಿತು. ಮರದ ಕಂಪನಿಗಳ ಜೊತೆಗೆ ರೈತರೂ ಹೊರಟರು. ಕೆಲವು ವೃದ್ಧರಿಗೆ ಜೀವಿತಾವಧಿಯವರೆಗೆ ಉಳಿಯಲು ಅನುಮತಿ ದೊರೆಯಿತು. ಹೇಝಲ್ ಕ್ರೀಕ್‌ನ ಜನ ಇನ್ನೂ ಕೆಲವು ವರ್ಷ ಉಳಿದಿದ್ದರು. ಎರಡನೆಯ ಮಹಾಯುದ್ಧದ ವಿದ್ಯುತ್ ಅಗತ್ಯಕ್ಕಾಗಿ ೧೯೪೨–೪೪ರಲ್ಲಿ ಫಾಂಟಾನ ಅಣೆಕಟ್ಟು ಎದ್ದಾಗ ರಸ್ತೆ ಮುಳುಗಿ, ಅವರೂ ಮನೆ ಬಿಡಬೇಕಾಯಿತು. ಆ ಪ್ರದೇಶವನ್ನು ಉದ್ಯಾನಕ್ಕೆ ಸೇರಿಸಲಾಯಿತು. ಪೂರ್ವಿಕರ ಸಮಾಧಿಗಳಿಗೆ ಹೋಗಿಬರಲು ಹೊಸ ರಸ್ತೆ ಮಾಡಿಕೊಡುವುದಾಗಿ ಕೊಟ್ಟ ವಚನ ಈಡೇರದೆ, ೨೦೧೦ರಲ್ಲಿ ಪರಿಹಾರದ ಒಪ್ಪಂದದೊಂದಿಗೆ ಮುಕ್ತಾಯಗೊಂಡಿತು. ಕೆಪ್‌ಹಾರ್ಟ್ ಅವರ ಮನೆಯಿದ್ದ ಜಾಗಕ್ಕೂ ಇಂದು ಸಾಮಾನ್ಯವಾಗಿ ದೋಣಿಯಲ್ಲಿ ಸರೋವರ ದಾಟಿ, ಮೈಲಿಗಟ್ಟಲೆ ನಡೆದು ಹೋಗಬೇಕು.

ಚೆರೋಕೀ ಜನರಿಗೂ ಈ ನೆಲದೊಂದಿಗಿನ ನಂಟು ಸಾಲದ್ದಲ್ಲ. ಪೂರ್ವ ಚೆರೋಕೀ ಪಂಗಡವು ೧೯೯೬ರಲ್ಲಿ ಕಿಟುವಾ ಭೂಮಿಯನ್ನು ಹಣ ಕೊಟ್ಟು ಮರಳಿ ಪಡೆಯಿತು. ಉದ್ಯಾನದೊಳಗೆ ಗಿಡಮೂಲಿಕೆ ಕೀಳುವುದು ನಿಷಿದ್ಧವಾದ ಕಾರಣ, ತಲೆತಲಾಂತರದಿಂದ ವಸಂತದಲ್ಲಿ ಕೊಯ್ಯುತ್ತಿದ್ದ ಸೋಚಾನ್ ಎಂಬ ಸೊಪ್ಪು ಅವರ ಕೈತಪ್ಪಿತ್ತು. ೨೦೧೯ರ ಒಪ್ಪಂದ ಅದನ್ನು ಕೊಯ್ಯುವ ಅವಕಾಶವನ್ನು ಹಿಂದಿರುಗಿಸಿತು. ಸೆನೆಟರ್ ಥಾಮಸ್ ಕ್ಲಿಂಗ್‌ಮನ್ ಹೆಸರಿನಲ್ಲಿದ್ದ ಉದ್ಯಾನದ ಅತ್ಯುನ್ನತ ಶಿಖರ (೬,೬೪೩ ಅಡಿ) ೨೦೨೪ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕುವೋಹಿ ಎಂಬ ಹಳೆಯ ಹೆಸರನ್ನು ಪಡೆಯಿತು. ಹಿಪ್ಪುನೇರಳೆಯ ಜಾಗ ಎಂದು ಅದರ ಅರ್ಥ.

ಕೆಪ್‌ಹಾರ್ಟ್ ೧೯೨೯ರಲ್ಲಿ ಬರೆದು ಮುಗಿಸಿದ್ದ ‘ಸ್ಮೋಕಿ ಮೌಂಟನ್ ಮ್ಯಾಜಿಕ್’ ಎಂಬ ಕಾದಂಬರಿಯ ಹಸ್ತಪ್ರತಿಯನ್ನು ಕುಟುಂಬದವರು ಎಂಬತ್ತು ವರ್ಷ ಕಾಪಾಡಿಕೊಂಡು ಬಂದಿದ್ದರು. ಅದು ೨೦೦೯ರಲ್ಲಿ ಪ್ರಕಟವಾಯಿತು. ಚೆರೋಕೀ ಐತಿಹ್ಯಗಳನ್ನು ಹೆಣೆದಿರುವ ಈ ಕಥೆಯಲ್ಲಿ ಬ್ರೈಸನ್ ಸಿಟಿಗೆ ಕೊಟ್ಟಿರುವ ಹೆಸರು ಕಿಟುವಾ. ಅದೇ ವರ್ಷ ಕೆನ್ ಬರ್ನ್ಸ್ ಅವರ ರಾಷ್ಟ್ರೀಯ ಉದ್ಯಾನಗಳನ್ನು ಕುರಿತ ಸಾಕ್ಷ್ಯಚಿತ್ರ ಸರಣಿ ಕೆಪ್‌ಹಾರ್ಟ್ ಮತ್ತು ಮಾಸಾ ಅವರ ಸ್ನೇಹವನ್ನು ಹೊಸ ತಲೆಮಾರಿಗೆ ಪರಿಚಯಿಸಿತು. ಜಾರ್ಜ್ ಎಲಿಸನ್ ಮತ್ತು ಜ್ಯಾನೆಟ್ ಮಕ್ಯೂ ಬರೆದ ವಿಸ್ತಾರವಾದ ಜೀವನಚರಿತ್ರೆ ‘ಬ್ಯಾಕ್ ಆಫ್ ಬಿಯಾಂಡ್’ ೨೦೧೯ರಲ್ಲಿ ಹೊರಬಂದಿತು.